ಗೆದ್ದವನ ಹೆಸರು ಗೊತ್ತು, ಉಳಿದರ್ಧ ಕಥೆ?

ಮಾವಿನ ಸೀಸನ್‌ನಲ್ಲಿ ಒಂದು ರಾತ್ರಿ ಸುದ್ದಿಗೆಂದು ಶ್ರೀನಿವಾಸಪುರದ ಮಂಡಿಗೆ ಹೋಗಿದ್ದೆ. ರೇಟು ಬಿದ್ದಿದೆ, ಬೆಳೆಗಾರರು ಏನಂತಾರೆ ಅಂತ ಬರೆಯಬೇಕಿತ್ತು. ಲೋಡಿಗಾಗಿ ಸಾಲಾಗಿ ನಿಂತಿದ್ದ ಬೊಲೆರೊ ಪಿಕಪ್‌ಗಳ ಪಕ್ಕ ನಾಲ್ಕೈದು ಹುಡುಗರು ಒಂದೇ ಫೋನಿನ ಸುತ್ತ ಕೂತಿದ್ದರು. ಕ್ರಿಕೆಟ್ ಇರಬೇಕು ಅಂದುಕೊಂಡೆ. ಅಲ್ಲ, ಅಮೆರಿಕದ ನಾಸ್ಕಾರ್ ಕಾರ್ ರೇಸು.

"ಅಣ್ಣಾ, ನೀವು ಪೇಪರ್‌ನವರಲ್ವಾ, ಹೇಳಿ ನೋಡೋಣ. ಇನ್ನೂರು ರೇಸ್ ಗೆದ್ದೋನು ಯಾರು?" ಅಂದ ಒಬ್ಬ.

ನನಗೆ ಗೊತ್ತಿರಲಿಲ್ಲ. "ರಿಚರ್ಡ್ ಪೆಟ್ಟಿ ಅಣ್ಣಾ. ಗಾಡಿ ನಂಬರ್ 43" ಅಂತ ಅವನೇ ಹೇಳಿದ. ಇನ್ನೊಬ್ಬ ಸೇರಿಸಿದ: "ಏಳು ಸಲ ಚಾಂಪಿಯನ್ ಆದೋರು ಮೂರೇ ಜನ. ಪೆಟ್ಟಿ, ಅರ್ನ್‌ಹಾರ್ಟ್, ಜಿಮ್ಮಿ ಜಾನ್ಸನ್." ಅವನ ಪಿಕಪ್ ಬಾಗಿಲ ಮೇಲೆ ಓರೆಯಾಗಿ ದೊಡ್ಡದೊಂದು 3 ಅಂಟಿಸಿತ್ತು. ಅದು ಡೇಲ್ ಅರ್ನ್‌ಹಾರ್ಟ್‌ನ ನಂಬರ್ ಅಂತೆ.

ಇದನ್ನು ಕೇಳಿ ನಗುವವರಿದ್ದಾರೆ. ಓದೋಕೆ ಹೇಳಿದರೆ ಆಗಲ್ಲ, ಇದೆಲ್ಲ ಬಾಯಿಪಾಠ ಅಂತ ಬೈಯುವವರೂ ಇದ್ದಾರೆ. ನಾನು ಬೈಯಲ್ಲ. ಆ ಹುಡುಗರಿಗೆ ಗೊತ್ತಿರೋದೆಲ್ಲ ಸರಿಯಾಗೇ ಇದೆ, ಮನೆಗೆ ಬಂದು ಹುಡುಕಿ ನೋಡಿದೆ. ಆದರೆ ಹುಡುಕುವಾಗ ಇನ್ನೊಂದು ವಿಷಯ ಕಂಡಿತು. ಅವರ ಪ್ರತಿ ಉತ್ತರಕ್ಕೂ ಒಂದು ಉಳಿದರ್ಧ ಇದೆ. ರೀಲ್ಸ್‌ನಲ್ಲಿ ಅದು ಬರಲ್ಲ. ನಮ್ಮ ಜಿಲ್ಲೆಗೆ ಬೇಕಾಗಿರೋದು ಆ ಅರ್ಧವೇ.

ಮೊದಲು ಹೆಸರು. 'ಸ್ಟಾಕ್ ಕಾರ್' ಅಂದರೆ ಶೋರೂಮಿನಿಂದ ತಂದ ಹಾಗೇ ಇರುವ ಕಾರು. ಈಗಿನ ನಾಸ್ಕಾರ್ ಗಾಡಿಗಳು ಹಾಗಿಲ್ಲ, ರೇಸಿಗೆಂದೇ ಕಟ್ಟಿದವು. ಶುರುವಿನಲ್ಲಿ ಹಾಗೇ ಇತ್ತು. ಅಮೆರಿಕದ ದಕ್ಷಿಣದಲ್ಲಿ ಕಳ್ಳಭಟ್ಟಿ ಸಾಗಿಸುವವರು ಪೊಲೀಸರ ಕೈಗೆ ಸಿಗಬಾರದು ಅಂತ ಮಾಮೂಲಿ ಕಾರುಗಳ ಇಂಜಿನ್, ಸ್ಪ್ರಿಂಗ್ ಬಲ ಮಾಡಿಕೊಂಡಿದ್ದರು. ಅವರಲ್ಲಿ ಕೆಲವರು ಮಣ್ಣಿನ ಟ್ರ್ಯಾಕಿಗೂ ಇಳಿದರು. 1948ರಲ್ಲಿ ನಾಸ್ಕಾರ್ ಸಂಸ್ಥೆ ಹುಟ್ಟಿತು. ಕಳ್ಳಭಟ್ಟಿಯ ಈ ಕಥೆ ನಮ್ಮ ಹುಡುಗರಿಗೆ ಭಾಳ ಇಷ್ಟ.

ಉಳಿದರ್ಧ ಇದು. 1949ರ ಜೂನ್ 19, ಷಾರ್ಲೆಟ್ ಎಂಬ ಊರು. ಶೋರೂಮ್ ಕಾರುಗಳ ಮೊಟ್ಟಮೊದಲ ನಾಸ್ಕಾರ್ ಚಾಂಪಿಯನ್‌ಶಿಪ್ ರೇಸು. ಗ್ಲೆನ್ ಡನಾವೇ ಎಂಬುವನು ಎಲ್ಲರಿಗಿಂತ ಮುಂದೆ ಬಂದ. ರೇಸ್ ಮುಗಿದ ಮೇಲೆ ಗಾಡಿ ತಪಾಸಣೆ ಮಾಡಿದರು. ಹಿಂದಿನ ಸ್ಪ್ರಿಂಗ್ ಬಲಪಡಿಸಿದ್ದು ಸಿಕ್ಕಿತು. ಅದು ಕಳ್ಳಭಟ್ಟಿ ಸಾಗಿಸಿದ್ದ ಗಾಡಿ. ಅವನನ್ನು ಅನರ್ಹ ಮಾಡಿ, ಹಿಂದೆ ಬಂದಿದ್ದ ಜಿಮ್ ರೋಪರ್‌ಗೆ ಗೆಲುವು ಕೊಟ್ಟರು. ಅಂದರೆ ಆ ಆಟ ಶುರುವಾದ ದಿನವೇ ಗೆದ್ದವನು ತಪಾಸಣೆಯಲ್ಲಿ ಸೋತ. ಸೈಲೆನ್ಸರ್ ಬಿಚ್ಚಿ ಓಡಿಸೋದನ್ನ 'ರೇಸಿಂಗ್' ಅಂತ ಕರೆಯುವವರು ಇದನ್ನ ಒಮ್ಮೆ ಯೋಚಿಸಬೇಕು. ನಿಜವಾದ ರೇಸಿನಲ್ಲಿ ಗಾಡಿ ಮುಟ್ಟಿ ನೋಡುವವನು ಒಬ್ಬ ಇದ್ದೇ ಇರ್ತಾನೆ.

ಇನ್ನೊಂದು ಹೆಸರು, ವೆಂಡೆಲ್ ಸ್ಕಾಟ್. ನಾಸ್ಕಾರ್‌ನ ದೊಡ್ಡ ಸರಣಿಯಲ್ಲಿ ಗೆದ್ದ ಮೊದಲ ಕಪ್ಪು ವರ್ಣದ ಚಾಲಕ. ಸೈನ್ಯದಲ್ಲಿ ಮೆಕ್ಯಾನಿಕ್ ಆಗಿದ್ದವನು, ತನ್ನ ಗಾಡಿಯ ರಿಪೇರಿ ತಾನೇ ಮಾಡಿಕೊಳ್ಳುತ್ತಿದ್ದ. 1963ರ ಡಿಸೆಂಬರ್ 1ರಂದು ಜಾಕ್ಸನ್‌ವಿಲ್‌ನಲ್ಲಿ ಎಲ್ಲರಿಗಿಂತ ಎರಡು ಸುತ್ತು ಮುಂದಿದ್ದ. ಆದರೆ ಬಾವುಟ ಬೀಸಿದ್ದು ಬಕ್ ಬೇಕರ್ ಎಂಬ ಬಿಳಿಯನಿಗೆ, ಟ್ರೋಫಿ ಕೊಟ್ಟಿದ್ದೂ ಅವನಿಗೇ. ಜನ ಎದ್ದು ಹೋದ ಮೇಲೆ, ಸುತ್ತು ಎಣಿಸೋದರಲ್ಲಿ ತಪ್ಪಾಯಿತು, ಗೆದ್ದವನು ಸ್ಕಾಟ್ ಅಂತ ಒಪ್ಪಿಕೊಂಡರು. ಆ ಗೆಲುವಿನ ಟ್ರೋಫಿ ಅವನ ಮನೆಯವರ ಕೈಗೆ ಸಿಕ್ಕಿದ್ದು 2021ರಲ್ಲಿ. ಅಷ್ಟರಲ್ಲಿ ಸ್ಕಾಟ್ ತೀರಿಕೊಂಡು 30 ವರ್ಷ ಕಳೆದಿತ್ತು. ಎಣಿಸುವವನ ಕೈಯಲ್ಲಿ ಎಷ್ಟಿದೆ ಅನ್ನೋದನ್ನ ನಮ್ಮ ಜಿಲ್ಲೆಯಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಗೆದ್ದರೂ ಮುಂದೆ ನಿಲ್ಲಿಸದೆ ಇರೋದು ನಮ್ಮ ಊರುಗಳಿಗೂ ಗೊತ್ತಿರುವ ಕಥೆ.

ಈಗ ಆ ಪಿಕಪ್ ಬಾಗಿಲ ಮೇಲಿನ 3ಕ್ಕೆ ಬರೋಣ. ಡೇಲ್ ಅರ್ನ್‌ಹಾರ್ಟ್ ಏಳು ಸಲ ಚಾಂಪಿಯನ್. 2001ರ ಫೆಬ್ರವರಿ 18ರಂದು ಡೇಟೋನಾ ರೇಸಿನ ಕೊನೆಯ ಸುತ್ತಿನಲ್ಲಿ ಗಾಡಿ ಗೋಡೆಗೆ ಬಡಿಯಿತು. ನೋಡಿದವರಿಗೆ ದೊಡ್ಡ ಅಪಘಾತ ಅನ್ನಿಸಲೇ ಇಲ್ಲ. ಆತ ಉಳಿಯಲಿಲ್ಲ. ತಲೆಬುರುಡೆಯ ಬುಡ ಮುರಿದಿತ್ತು. ಅದಕ್ಕೆ ಮುಂಚಿನ ಒಂಬತ್ತು ತಿಂಗಳಲ್ಲಿ ನಾಸ್ಕಾರ್‌ನಲ್ಲಿ ಇನ್ನೂ ಮೂವರು ಚಾಲಕರು ಸತ್ತಿದ್ದರು. ಹೆಲ್ಮೆಟ್ಟನ್ನು ಭುಜಕ್ಕೆ ಬಿಗಿದು, ತಲೆ ಒಮ್ಮೆಲೇ ಮುಂದಕ್ಕೆ ಚಿಮ್ಮದ ಹಾಗೆ ತಡೆಯುವ 'ಹ್ಯಾನ್ಸ್' ಎಂಬ ಪಟ್ಟಿ ಆಗಲೇ ಇತ್ತು. ಅರ್ನ್‌ಹಾರ್ಟ್ ಅದನ್ನು ಹಾಕುತ್ತಿರಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ತಲೆ ಮತ್ತು ಕುತ್ತಿಗೆ ಕಾಯುವ ಇಂಥ ಪಟ್ಟಿ ಕಡ್ಡಾಯ ಮಾಡಿದರು. ಮುಂದಿನ ವರ್ಷದಿಂದ ಬಡಿದರೆ ಏಟು ಹೀರಿಕೊಳ್ಳುವ ಗೋಡೆಗಳು ಬಂದವು. ಆಮೇಲೆ ಆ ದೊಡ್ಡ ಸರಣಿಯ ರೇಸುಗಳಲ್ಲಿ ಒಬ್ಬ ಚಾಲಕನೂ ಸತ್ತಿಲ್ಲ. ಆ 3ರ ಉಳಿದರ್ಧ ಇದು.

ಇದು ದೂರದ ಕಥೆ ಅನ್ನಬೇಡಿ. ರೇಸು ನಮ್ಮ ಮನೆ ಮುಂದಿನ ರಸ್ತೆಯಲ್ಲೇ ಇದೆ. ಕೋಲಾರ, ಮುಳಬಾಗಿಲು ದಾಟಿ ಹೋಗುವ ಹಳೆಯ ಮದ್ರಾಸ್ ರಸ್ತೆಯನ್ನು ಹಿಡಿದು ಹೋದರೆ ಚಿತ್ತೂರು, ರಾಣಿಪೇಟೆ ಆದಮೇಲೆ ಶ್ರೀಪೆರಂಬದೂರು. ಅದರ ಹತ್ತಿರ ಇರುಂಗಾಟ್ಟುಕೋಟೈನಲ್ಲಿ 1990ರಿಂದ ರೇಸ್ ಟ್ರ್ಯಾಕ್ ಇದೆ. ಅದಕ್ಕೂ ಮುಂಚೆ ಚೆನ್ನೈ ಆಚೆಯ ಶೋಲಾವರಂನಲ್ಲಿ, ಎರಡನೇ ಮಹಾಯುದ್ಧ ಕಾಲದ ವಿಮಾನದ ಹಾದಿಯಲ್ಲಿ ರೇಸು ನಡೀತಿತ್ತು. ಮನೆ ಮುಂದೆ ನಿಲ್ಲುತ್ತಿದ್ದಂಥ ಫಿಯೆಟ್, ಅಂಬಾಸಿಡರ್, ಹೆರಾಲ್ಡ್‌ಗಳೇ ಅಲ್ಲಿ ಓಡುತ್ತಿದ್ದವು. ನಮ್ಮ ದೇಶದ ಸ್ಟಾಕ್ ಕಾರ್ ರೇಸು ಅಂದರೆ ಅದೇ.

ಇನ್ನೂ ಹತ್ತಿರ ಬನ್ನಿ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಬೈಕಿನಲ್ಲಿ ಪೂರೈಸಿದ ಮೊದಲ ಭಾರತೀಯ. 36ನೇ ಸ್ಥಾನ. ಮಣ್ಣಿನ ಹಾದಿಯಲ್ಲಿ ಬೈಕ್ ಓಡಿಸೋದನ್ನ ಕಲಿಸುವ ಅವರ ಬಿಗ್‌ರಾಕ್ ಡರ್ಟ್‌ಪಾರ್ಕ್ ಇರೋದು ನಮ್ಮ ಕೋಲಾರ ಜಿಲ್ಲೆಯಲ್ಲೇ. 2021ರ ಜನವರಿಯಲ್ಲಿ ಸೌದಿ ಅರೇಬಿಯಾದ ಡಕಾರ್‌ನಲ್ಲಿ ಬಿದ್ದು ಅವರ ತಲೆಗೆ ಪೆಟ್ಟಾಯಿತು. ವೈದ್ಯರು ಕೋಮಾದಲ್ಲಿಟ್ಟು ಚಿಕಿತ್ಸೆ ಕೊಟ್ಟರು. ಬದುಕಿ ಬಂದರು. ಅವರ ತಲೆ ಮೇಲೆ ಹೆಲ್ಮೆಟ್ ಇತ್ತು. ಬೈಕ್ ಸವಾರರಿಗೆ ಏರ್‌ಬ್ಯಾಗ್ ಜಾಕೆಟ್ಟನ್ನು ಆ ವರ್ಷದಿಂದಲೇ ಕಡ್ಡಾಯ ಮಾಡಿದ್ದರು. ನೆರವಿಗೆ ಹೆಲಿಕಾಪ್ಟರ್ ಬಂತು.

ನಮ್ಮ ರಸ್ತೆಯಲ್ಲಿ ಬಿದ್ದವನಿಗೆ ಏನು ಬರುತ್ತೆ? ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ಕಡೆಯಿಂದ ಬೇತಮಂಗಲದವರೆಗೆ 71 ಕಿಲೋಮೀಟರ್ ಎಕ್ಸ್‌ಪ್ರೆಸ್‌ವೇ 2024ರ ಕೊನೆಗೆ ಓಡಾಟಕ್ಕೆ ಸಿಕ್ಕಿತು. ಸಿಕ್ಕ ವಾರದಲ್ಲೇ ಸ್ಪೀಡೋಮೀಟರ್ ತೋರಿಸುವ ರೀಲ್ಸ್ ನನ್ನ ಫೋನಿಗೂ ಬಂದವು. ನಾನು ಸ್ಟ್ರಿಂಗರ್, ಸುದ್ದಿಗಿಷ್ಟು ಅಂತ ದುಡ್ಡು. ತಿಂಗಳಿಗೆ ಎಷ್ಟೋ ಸಲ ಬರೆಯುವ ಸುದ್ದಿ ಒಂದೇ: 'ಬೈಕ್ ಸವಾರ ಸಾವು'. ನಾಲ್ಕು ಸಾಲು. ಹೆಸರು, ವಯಸ್ಸು, ಊರು, ಪ್ರಕರಣ ದಾಖಲಾಗಿದೆ. ಒಂದು ಸಲ ಶವಾಗಾರದ ಹತ್ತಿರ ಹುಡುಗನ ಅಪ್ಪ ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಿದ್ದರು. ಅದರ ಮೇಲೆ ಒಂದು ಗೀರೂ ಇರಲಿಲ್ಲ, ಮನೆಯಿಂದ ತಂದಿದ್ದರು. "ಇದನ್ನ ಅವನ ಜೊತೆ ಕಳಿಸ್ಬೇಕು" ಅಂದರು. ಅದನ್ನು ನಾನು ಬರೆಯಲಿಲ್ಲ. ನನ್ನ ನಾಲ್ಕು ಸಾಲೂ ಅರ್ಧ ಕಥೆಯೇ ಆಗಿತ್ತು.

ಕಾನೂನು ಇಲ್ಲ ಅಂತಲ್ಲ. ಸರ್ಕಾರದ ಲಿಖಿತ ಅನುಮತಿ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಮೊದಲ ಸಲ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹದಿನೆಂಟು ತುಂಬದ ಮಗ ಗಾಡಿ ಓಡಿಸಿ ತಪ್ಪು ಮಾಡಿದರೆ ಅಪ್ಪನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲೂ ಆಗಬಹುದು. ಇದನ್ನು ಕಾಲೇಜಿಗೆ ಬಂದು ಹೇಳುತ್ತಾರೆ, ಹುಡುಗರು ಚಪ್ಪಾಳೆ ತಟ್ಟಿ ಹೊರಗೆ ಬಂದು ಕಿಕ್ ಹೊಡೀತಾರೆ. ಯಾಕಂದ್ರೆ ಹೇಳೋರಿಗೆ ರೇಸ್ ಗೊತ್ತಿಲ್ಲ, ಕೇಳೋರಿಗೆ ರೇಸ್ ಪ್ರಾಣ.

ಅದಕ್ಕೇ ನನ್ನ ಮಾತು ಇಷ್ಟು. ಹುಡುಗರ ಹುಚ್ಚನ್ನ ಬಿಡಿಸೋಕೆ ಹೋಗಬೇಡಿ, ಅದರ ಪೂರ್ತಿ ಕಥೆ ಹೇಳಿ. ಅರ್ನ್‌ಹಾರ್ಟ್ ಹೇಗೆ ಸತ್ತ ಅನ್ನೋದನ್ನ ಅವನ ನಂಬರ್ ಅಂಟಿಸಿಕೊಂಡವನು ಕಿವಿಗೊಟ್ಟು ಕೇಳ್ತಾನೆ. ಜೊತೆಗೆ ವರ್ಷಕ್ಕೆ ಒಂದು ದಿನ, ರಸ್ತೆ ಬಿಟ್ಟು ದೂರದಲ್ಲಿ, ಒಂದು ಮಣ್ಣಿನ ಮೈದಾನ ಕೊಡಿ. ಅನುಮತಿ ಇರಲಿ, ರೇಸ್ ನಡೆಸಿ ಗೊತ್ತಿರುವ ಕ್ಲಬ್ಬಿನವರು ಇರಲಿ, ಗಾಡಿ ತಪಾಸಣೆ, ಹೆಲ್ಮೆಟ್, ಆಂಬುಲೆನ್ಸ್ ಇರಲಿ.

ಕುಡಿಯೋ ನೀರಿಗೇ ಒದ್ದಾಡೋ ಜಿಲ್ಲೆಗೆ ರೇಸ್ ಯಾಕೆ ಅಂತ ಕೇಳಬಹುದು. ನಾನು ಕೋಟಿ ಸುರಿದು ಟ್ರ್ಯಾಕ್ ಕಟ್ಟಿ ಅಂತಿಲ್ಲ. ರೇಸ್ ಮಾಡಿಸಿದರೆ ವೇಗ ಹೆಚ್ಚಲ್ವಾ ಅಂತಲೂ ಕೇಳಬಹುದು. ಹೋಂಡಾ ಬೈಕ್ ತಯಾರಾಗೋದೇ ನಮ್ಮ ನರಸಾಪುರದಲ್ಲಿ. ವೇಗ ಬಂದು ಆಗಿದೆ. ಬರಬೇಕಾಗಿರೋದು ತಪಾಸಣೆ ಮಾಡುವವನು.

ಅವತ್ತು ಮಂಡಿಯಲ್ಲಿ ಕೊಡಲಾಗದ ಉತ್ತರ ಈಗ ನನ್ನ ಹತ್ತಿರ ಇದೆ. ಮುಂದಿನ ಸೀಸನ್‌ಗೆ ಹೋದಾಗ ಆ 3ನೇ ನಂಬರ್ ಪಿಕಪ್ ಹುಡುಕಿ, ನಾನೇ ಒಂದು ಪ್ರಶ್ನೆ ಕೇಳ್ತೀನಿ: "ಅರ್ನ್‌ಹಾರ್ಟ್ ಸತ್ತ ಮೇಲೆ ಏನು ಕಡ್ಡಾಯ ಆಯ್ತು, ಹೇಳಪ್ಪ?" ಉತ್ತರ ಗೊತ್ತಿಲ್ಲ ಅಂದರೆ ಪಕ್ಕದಲ್ಲಿ ಕೂತು ಹೇಳ್ತೀನಿ. ಲೋಡ್ ಆಗೋಕೆ ಹೇಗೂ ಟೈಮ್ ಇರುತ್ತೆ. ನಿಮ್ಮ ಮನೇಲೂ ಇಂಥ ಒಬ್ಬ ಹುಡುಗ ಇದ್ದರೆ, ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ ನೋಡಿ.