ಕೂಸಿಗೆ ನೋವಿಲ್ಲವೆಂದವರು ಯಾರು?

‘ಮಕ್ಕಳು ಅಳದೆ ಇರುತ್ತವೆಯೇ? ಎರಡು ನಿಮಿಷದಲ್ಲಿ ಮರೆಯುತ್ತವೆ.’ ಲಸಿಕೆಯ ಕೋಣೆಯಲ್ಲಿ ಈ ಮಾತು ಕೇಳದ ತಾಯಂದಿರು ವಿರಳ. ವಿಶಾಖಪಟ್ಟಣ, ವಿಜಯವಾಡಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಸಂಸಾರಗಳೂ ಇದಕ್ಕೆ ಹೊರತಲ್ಲ. ಕೂಸನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಕೈಕಾಲು ಅದುಮಿ ಹಿಡಿದು ಚುಚ್ಚುವುದೇ ಸರಿಯಾದ ಕ್ರಮವೆಂದು ಎಷ್ಟೋ ಕಡೆ ನಂಬಿದ್ದಾರೆ. ಮನೆಯ ಹಿರಿಯರೂ ಹೌದೆಂದು ತಲೆಯಾಡಿಸುತ್ತಾರೆ. ಇದು ಕ್ರಮವಲ್ಲ, ಬರಿಯ ರೂಢಿ.

ಹಸುಗೂಸಿಗೆ ನೋವು ತಿಳಿಯದೆಂದು ಒಂದು ಕಾಲಕ್ಕೆ ದೊಡ್ಡ ವೈದ್ಯರೇ ನಂಬಿದ್ದರು. ಸಾಕಷ್ಟು ಅರಿವಳಿಕೆಯಿಲ್ಲದೆ ಶಿಶುಗಳಿಗೆ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದ ದಿನಗಳವು. ಆ ನಂಬಿಕೆಯನ್ನು ಅಲುಗಾಡಿಸಿದವರಲ್ಲಿ ಪ್ರಮುಖರು, ಇಂದೋರಿನಲ್ಲಿ ವೈದ್ಯ ವಿದ್ಯೆ ಕಲಿತು ಆಕ್ಸ್‌ಫರ್ಡಿಗೆ ಹೋದ ಡಾ. ಕೆ. ಜೆ. ಎಸ್. ಆನಂದ್. ನವಜಾತ ಶಿಶುವಿಗೂ ನೋವುಂಟೆಂದು ಅವರ 1987ರ ಲೇಖನಗಳು ಸಾಧಾರವಾಗಿ ತೋರಿಸಿದವು. ‘ಮರೆಯುತ್ತವೆ’ ಎಂಬ ಮಾತೂ ನಿಲ್ಲಲಿಲ್ಲ. ಅರಿವಳಿಕೆಯಿಲ್ಲದೆ ಸುನ್ನತಿಯಾದ ಗಂಡುಶಿಶುಗಳು, ನಾಲ್ಕಾರು ತಿಂಗಳ ಬಳಿಕ ಲಸಿಕೆಯ ವೇಳೆ ಉಳಿದವರಿಗಿಂತ ಹೆಚ್ಚು ನೋವು ತೋರಿದುದನ್ನು ಟೊರೊಂಟೊದ ಸಂಶೋಧಕರು 1997ರಲ್ಲಿ ಪ್ರಕಟಿಸಿದರು.

ಇಂದಿನ ರಾಷ್ಟ್ರೀಯ ಪಟ್ಟಿಯಂತೆ ಆರು ವಾರದ ಕೂಸಿಗೆ ಒಂದೇ ದಿನ ಮೂರು ಸೂಜಿ. ಅದನ್ನು ಹಗುರ ಮಾಡಲು ಔಷಧ ಬೇಕಿಲ್ಲ, ಹಣವೂ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ: ಕೂಸು ತಾಯಿಯ ತೋಳಿನಲ್ಲಿರಲಿ; ಚುಚ್ಚುವಾಗ, ಇಲ್ಲವೇ ಸ್ವಲ್ಪ ಮುಂಚೆ, ಮೊಲೆಯೂಡಿಸಲಿ; ಸಿಹಿಯಾದ ರೋಟಾ ವೈರಸ್ ಲಸಿಕೆಯನ್ನು ಸೂಜಿಗೆ ಮೊದಲೇ ಕುಡಿಸಲಿ; ಹೆಚ್ಚು ನೋಯುವ ಸೂಜಿ ಕೊನೆಗೆ ಬರಲಿ; ರಕ್ತ ಬರುವುದೇ ಎಂದು ನೋಡಲು ಸಿರಿಂಜಿನ ದಂಡವನ್ನು ಹಿಂದಕ್ಕೆ ಎಳೆಯುವುದು ಬೇಡ.

ಹಾಲು ನೆತ್ತಿಗೇರೀತು ಎಂಬ ಆಕ್ಷೇಪವುಂಟು. ಅಷ್ಟು ಭಯವಿದ್ದರೆ ಮುಂಚೆಯೇ ಕುಡಿಸಬಹುದಲ್ಲ! ಸಮಯವಿಲ್ಲ, ಸಾಲು ಉದ್ದವಾಗಿದೆ ಎಂಬುದು ಎರಡನೆಯದು. ಸಾಲಿನಲ್ಲಿ ಗಂಟೆಗಟ್ಟಲೆ ಕಾಯಿಸುವವರಿಗೆ, ತಾಯಿ ಕುಳಿತುಕೊಳ್ಳುವ ಎರಡು ನಿಮಿಷ ಭಾರವೇ? ಬೇಕಾದುದು ಒಂದು ಕುರ್ಚಿ, ಒಂದು ಪರದೆ. ಎರಡೂ ನಗರಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ. ನರ್ಸುಗಳಿಗೆ ಈ ಪಾಠ ಹೇಳಲು ಹೊಸ ಕಟ್ಟಡ ಕಟ್ಟಬೇಕಿಲ್ಲ.

ಇನ್ನು ನಮ್ಮವರ ಮಾತು. ನೋವು ಮರೆಸಲೆಂದು ಜೇನು ನೆಕ್ಕಿಸುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ವರ್ಷ ತುಂಬದ ಕೂಸಿಗೆ ಜೇನು ಅಪಾಯಕರ; ಅದು ಬೇಡ. ಊರಿಗೆ ಹೊಸದಾಗಿ ಬಂದ ಸೊಸೆಗೆ ತೆಲುಗು ಬಾರದೆ, ಕೇಳಲು ಸಂಕೋಚ. ಅವಳಿಗೆ ಒಂದು ವಾಕ್ಯ ಕಲಿಸೋಣ: ‘ಪಾಲು ಇಸ್ತೂ ಉಂಟಾನು, ಅಪ್ಪುಡೇ ಸೂದಿ ವೇಯಂಡಿ.’ ಹಾಲು ಕುಡಿಸುತ್ತಿರುತ್ತೇನೆ, ಆಗಲೇ ಸೂಜಿ ಹಾಕಿ ಎಂದರ್ಥ. ಅತ್ತೆಯೋ ಗಂಡನೋ ಪಕ್ಕದಲ್ಲಿ ನಿಂತು ಈ ಮಾತಿಗೆ ಬಲ ಕೊಡಲಿ.

ಲಸಿಕೆ ಬೇಡವೆಂಬ ವಾದ ಇದಲ್ಲ. ಕೂಸಿನ ಅಳುವಿಗೆ ಹೆದರಿ ಮುಂದಿನ ಸರದಿ ತಪ್ಪಿಸುವ ತಾಯಂದಿರಿದ್ದಾರೆ. ಒಂದು ಸರದಿಯೂ ತಪ್ಪಬಾರದೆಂದೇ ಈ ಮಾತು. ನೋವನ್ನು ಬಾಯಿಬಿಟ್ಟು ಹೇಳಲಾರದವರ ನೋವನ್ನು ಇಲ್ಲವೆನ್ನುವುದು ಬಲು ಸುಲಭ. ಅದಕ್ಕಾಗಿಯೇ ದೊಡ್ಡವರು ಹೇಳಬೇಕು.