ಉರಿಯುವ ಮುಖಕ್ಕೆ ಅಂಗಡಿಯ ಮುಲಾಮು

ಬೇಸಗೆಯ ಮಧ್ಯಾಹ್ನದಲ್ಲಿ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆಗೆ ಹೋಗಿ ಬಂದವರಿಗೆ ಮುಖ ಕಾವೇರುವುದೆಂದರೆ ಏನೆಂದು ಬೇರೆ ಹೇಳಬೇಕಾದುದಿಲ್ಲ. ಕಾದ ಮರಳಿನ ಮುಂದೆ ನಿಂತು ಅಕ್ಕಿ ಹುರಿಯುವವರ ಮುಖ ಕೆಂಪೇರುತ್ತದೆ. ಅದೇ ಮಂಡಕ್ಕಿಯನ್ನು ಸಂಜೆ ಬಿಸಿ ಮಿರ್ಚಿಯೊಡನೆ ಸವಿಯುವವರ ಮುಖವೂ ಒಂದು ಗಳಿಗೆ ಕೆಂಪೇರುತ್ತದೆ. ಹೆಚ್ಚಿನವರಲ್ಲಿ ಈ ಕಾವು ಸ್ವಲ್ಪ ಹೊತ್ತಿನಲ್ಲಿಯೇ ಇಳಿದುಹೋಗುತ್ತದೆ. ಕೆಲವರಲ್ಲಿ ಮಾತ್ರ ಅದು ಇಳಿಯುವುದಿಲ್ಲ. ಕೆನ್ನೆ, ಮೂಗು, ಹಣೆಯ ನಡುಭಾಗ, ಗಲ್ಲ, ಇವು ಉರಿಯುತ್ತಲೇ ಇರುತ್ತವೆ. ವರ್ಷಗಳು ಕಳೆದಂತೆ ಸೂಕ್ಷ್ಮ ರಕ್ತನಾಳಗಳು ಚರ್ಮದ ಮೇಲೆ ದಾರದ ಎಳೆಗಳಂತೆ ಮೂಡಿ ನಿಲ್ಲುತ್ತವೆ. ಮೊಡವೆಯನ್ನು ಹೋಲುವ ಗುಳ್ಳೆಗಳೂ ಏಳಬಹುದು. ಈ ರೋಗಕ್ಕೆ ವೈದ್ಯಶಾಸ್ತ್ರದಲ್ಲಿ ರೊಸೇಶಿಯ ಎಂದು ಹೆಸರು. ಸಾಮಾನ್ಯವಾಗಿ ಇದು ಮೂವತ್ತು ದಾಟಿದವರ ರೋಗ. ಅಂಟುರೋಗವಲ್ಲ. ಕುಡಿತದಿಂದಲೇ ಬರುವುದೆಂಬ ಅಪವಾದವೂ ಸುಳ್ಳು. ಮದ್ಯವನ್ನು ಮುಟ್ಟದವರಿಗೂ ಬರುತ್ತದೆ.

ಬೆಂಕಿಗೂ ಮೆಣಸಿನಕಾಯಿಗೂ ಮುಖ ಒಂದೇ ರೀತಿಯಲ್ಲಿ ಏಕೆ ಕೆರಳಬೇಕು? ಇದರ ಉತ್ತರ ಸ್ವಾರಸ್ಯವಾಗಿದೆ. ನಮ್ಮ ನರಗಳ ತುದಿಯಲ್ಲಿ ಟಿಆರ್‌ಪಿವಿ1 ಎಂಬ ಒಂದು ಪ್ರೋಟೀನಿನ ಬಾಗಿಲಿದೆ. ಸುಮಾರು 43 ಡಿಗ್ರಿ ಸೆಂಟಿಗ್ರೇಡಿಗೆ ಮೇಲ್ಪಟ್ಟ ಶಾಖ ತಗಲಿದರೆ ಅದು ತೆರೆಯುತ್ತದೆ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೇಸಿನ್ ತಗಲಿದರೂ ಅದೇ ಬಾಗಿಲು ತೆರೆಯುತ್ತದೆ. ಖಾರವನ್ನು ನಾವು ‘ಉರಿ’ ಎನ್ನುವುದು ಬರಿಯ ಅಲಂಕಾರದ ಮಾತಲ್ಲ. ನರದ ಪಾಲಿಗೆ ಎರಡೂ ಒಂದೇ. 1997ರಲ್ಲಿ ಇದನ್ನು ಕಂಡುಹಿಡಿದ ತಂಡದ ನಾಯಕ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ರೊಸೇಶಿಯ ಇರುವವರ ಚರ್ಮದಲ್ಲಿ ಈ ಬಗೆಯ ಬಾಗಿಲುಗಳು ಅತಿಯಾಗಿ ಚುರುಕಾಗಿರುವಂತೆ ತೋರುತ್ತದೆ. ರೋಗಕ್ಕೆ ಇದೊಂದೇ ಕಾರಣವಲ್ಲ. ಚರ್ಮದ ರಕ್ಷಣಾವ್ಯವಸ್ಥೆಯ ಅತಿರೇಕವೂ, ಎಲ್ಲರ ಮುಖದಲ್ಲಿಯೂ ಕಣ್ಣಿಗೆ ಕಾಣದೆ ವಾಸಿಸುವ ಡೆಮೋಡೆಕ್ಸ್ ಎಂಬ ನುಸಿಯೂ ಇದರಲ್ಲಿ ಪಾಲ್ಗೊಳ್ಳುತ್ತವೆ.

ಗುಲಾಬಿಯ ಬಣ್ಣವೆಂಬ ಅರ್ಥದ ಈ ಹೆಸರೇ ನಮ್ಮ ನಾಡಿನಲ್ಲಿ ದಾರಿ ತಪ್ಪಿಸುತ್ತದೆ. ಬಿಳಿಯ ಚರ್ಮದ ಮೇಲೆ ಗುಲಾಬಿಯಾಗಿ ಕಾಣುವುದು ಕಂದು ಚರ್ಮದ ಮೇಲೆ ಕಪ್ಪಾಗಿಯೋ ಮಂಕಾಗಿಯೋ ಕಂಡೀತು, ಅಥವಾ ಕಾಣದೆಯೂ ಹೋದೀತು. ರೊಸೇಶಿಯ ಬಿಳಿಯರ ರೋಗವೆಂಬ ಭಾವನೆ ಬಹುಕಾಲ ಬೇರೂರಿದ್ದುದರಿಂದ ನಮ್ಮವರಲ್ಲಿ ಅದನ್ನು ಹುಡುಕಿದವರೇ ಕಡಮೆ. ಬಣ್ಣಕ್ಕಿಂತ ಅನುಭವವನ್ನು ಕೇಳಬೇಕು: ಬಿಸಿಲಿಗೆ, ಬಿಸಿ ಚಹಕ್ಕೆ, ಒಲೆಯ ಕಾವಿಗೆ ಮುಖ ಉರಿಯುವುದೆ? ಸಾಬೂನು ಹಚ್ಚಿದರೆ ಚುರುಗುಟ್ಟುವುದೆ? ಗುಳ್ಳೆಗಳಿದ್ದರೂ ಮೊಡವೆಯಲ್ಲಿರುವ ಕಪ್ಪುತಲೆಯ ಕಣಗಳು ಇಲ್ಲವೆ? ಕಣ್ಣಿನಲ್ಲಿ ಮರಳು ಬಿದ್ದಂತಾಗುವುದೆ? ಹೌದೆಂದರೆ ಚರ್ಮವೈದ್ಯರು ನೋಡಬೇಕು.

ಆದರೆ ನಡೆಯುವುದು ಬೇರೆ. ಮನೆಯವರು ‘ಉಷ್ಣ’ ಎನ್ನುತ್ತಾರೆ, ಗೆಳೆಯರು ಮೊಡವೆ ಎನ್ನುತ್ತಾರೆ. ಔಷಧದ ಅಂಗಡಿಗೆ ಹೋಗಿ ‘ಮುಖಕ್ಕೆ ಒಂದು ಟ್ಯೂಬು ಕೊಡಿ’ ಎಂದರೆ ಟ್ಯೂಬು ಬರುತ್ತದೆ. ಅದರೊಳಗೆ ಬೀಟಾಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್ ಮುಂತಾದ ಸ್ಟೀರಾಯ್ಡ್ ಇರುವುದು ಅಪರೂಪವಲ್ಲ. ನಮ್ಮ ದೃಷ್ಟಿಯಲ್ಲಿ ಈ ನಾಡಿನ ಮುಖಗಳಿಗೆ ರೊಸೇಶಿಯಕ್ಕಿಂತಲೂ ದೊಡ್ಡ ಕೇಡು ಇದೇ. ವಾಚಕರಾದ ವಿದ್ಯಾರ್ಥಿಗಳಿಗೆ ನಾವು ಇದನ್ನು ಹೇಳಲು ಕಾರಣವುಂಟು: ರೊಸೇಶಿಯ ಮೂವತ್ತರ ತನಕ ಕಾಯಬಹುದು, ಈ ಟ್ಯೂಬು ಹದಿನೇಳಕ್ಕೇ ಕೈಗೆ ಬರುತ್ತದೆ.

ಸ್ಟೀರಾಯ್ಡ್ ಕೆಟ್ಟ ಔಷಧವೆಂದು ನಾವು ಹೇಳುತ್ತಿಲ್ಲ. 1952ರಲ್ಲಿ ಅಮೆರಿಕದ ಸುಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ವೈದ್ಯರು ಹೈಡ್ರೊಕಾರ್ಟಿಸೋನನ್ನು ಚರ್ಮಕ್ಕೆ ಲೇಪಿಸಿ ಗುಣ ಕಂಡಾಗ ಎಷ್ಟೋ ಇಸಬು ರೋಗಿಗಳಿಗೆ ಮರುಜನ್ಮ ಬಂದಂತಾಯಿತು. ಅನಂತರ ಬಂದ ಕ್ಲೊಬೆಟಸಾಲ್ ಅದಕ್ಕಿಂತ ನೂರಾರು ಪಟ್ಟು ತೀವ್ರವಾದುದು. ಈ ಔಷಧಗಳು ರಕ್ತನಾಳಗಳನ್ನು ಸಂಕುಚಿಸುತ್ತವೆ, ಚರ್ಮ ಬಿಳಿಚಿಕೊಳ್ಳುತ್ತದೆ. ಎಷ್ಟು ಬಿಳಿಚಿತೆಂಬುದನ್ನು ನೋಡಿ ಮುಲಾಮಿನ ಬಲವನ್ನು ಅಳೆಯುವ ಪರೀಕ್ಷೆಯೊಂದು 1962ರಿಂದಲೂ ಇದೆ. ಪ್ರಯೋಗಶಾಲೆಯಲ್ಲಿ ಅಳತೆಯಾದದ್ದೇ ಕನ್ನಡಿಯ ಮುಂದೆ ‘ಬಣ್ಣ ಬಂತು’ ಎಂಬ ಸಂತೋಷವಾಗುತ್ತದೆ! ಉರಿ ಇಳಿಯಿತು, ಗುಳ್ಳೆ ಅಡಗಿತು, ಮುಖ ಬೆಳ್ಳಗಾಯಿತು, ಇನ್ನೇನು ಬೇಕು?

ಕೆಲವು ವಾರಗಳೋ ತಿಂಗಳುಗಳೋ ಕಳೆಯಲಿ. ಚರ್ಮ ತೆಳುವಾಗುತ್ತದೆ. ಮುಖದ ಚರ್ಮವು ಔಷಧವನ್ನು ಹೀರುವ ಬಗೆಯೂ ಬೇರೆ. ಮುಂಗೈಗಿಂತ ಹಣೆ ಸುಮಾರು 6 ಪಟ್ಟು, ದವಡೆಯ ಮೂಲೆ 13 ಪಟ್ಟು ಹೈಡ್ರೊಕಾರ್ಟಿಸೋನನ್ನು ಹೀರುವುದೆಂದು 1967ರ ಪ್ರಯೋಗಗಳು ತೋರಿಸಿದುವು. ಮುಲಾಮನ್ನು ಬಿಟ್ಟೊಡನೆ, ಬಿಗಿದು ಹಿಡಿದಿದ್ದ ರಕ್ತನಾಳಗಳು ಮೊದಲಿಗಿಂತಲೂ ಹೆಚ್ಚಾಗಿ ಹಿಗ್ಗುತ್ತವೆ. ಮುಖ ಬೆಂಕಿಯಾಗುತ್ತದೆ. ಹೆದರಿದವನು ಮತ್ತೆ ಹಚ್ಚುತ್ತಾನೆ, ಮತ್ತೆ ತಣ್ಣಗಾಗುತ್ತದೆ. ಹೀಗೆ ಟ್ಯೂಬಿಗೆ ದಾಸನಾಗುತ್ತಾನೆ. ಇದ್ದ ರೊಸೇಶಿಯ ಇದರಿಂದ ಕೆರಳುವುದನ್ನು ಇಂಗ್ಲೆಂಡಿನ ವೈದ್ಯ ಸ್ನೆಡನ್ 1969ರಲ್ಲಿಯೇ ಬರೆದಿದ್ದರು. ಇಲ್ಲದವರಲ್ಲಿಯೂ ಅದನ್ನೇ ಹೋಲುವ ರೋಗ ಹುಟ್ಟುತ್ತದೆ. 2011ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ, 12 ಕೇಂದ್ರಗಳಿಗೆ ಮುಖದ ತೊಂದರೆಯೆಂದು ಬಂದ 2926 ಜನರಲ್ಲಿ 433 ಮಂದಿ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಅದನ್ನು ಸೂಚಿಸಿದವರು ವೈದ್ಯರಲ್ಲ.

2018ರ ಮಾರ್ಚಿಯಲ್ಲಿ ಕೇಂದ್ರ ಸರಕಾರವು ಇಂತಹ 14 ಸ್ಟೀರಾಯ್ಡುಗಳ ಮುಲಾಮುಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ. ಕಾನೂನು ಒಳ್ಳೆಯದು. ಆದರೆ ಕೊಳ್ಳುವವನು ಚೀಟಿಯಿಲ್ಲದೆ ಕೇಳುವುದನ್ನು ಬಿಡುವವರೆಗೆ ಅದು ಕಾಗದದ ಮೇಲೆಯೇ ಉಳಿದೀತು. ಅಂಗಡಿಯವರನ್ನೊಂದೇ ದೂರುವುದೂ ನ್ಯಾಯವಲ್ಲ. ಹೆಣ್ಣು ನೋಡಲು ಬರುವವರಿಗೆ ಬಿಳಿಯ ಮುಖವೇ ಬೇಕೆಂಬ ಹಂಬಲ ಇರುವ ಮನೆಗಳಿಗೂ ಇದರಲ್ಲಿ ಪಾಲಿದೆ.

ರೊಸೇಶಿಯ ಬೇರುಸಹಿತ ಹೋಗುವ ರೋಗವಲ್ಲ, ಹತೋಟಿಗೆ ಬರುವ ರೋಗ. ಮೆಟ್ರೊನಿಡಜೋಲ್, ಅಜೆಲಾಯಿಕ್ ಆಮ್ಲ, ಐವರ್ಮೆಕ್ಟಿನ್ ಲೇಪಗಳೂ, ಬೇಕಾದರೆ ಡಾಕ್ಸಿಸೈಕ್ಲಿನ್ ಗುಳಿಗೆಯೂ ಇವೆ. ಯಾವುದು ಯಾರಿಗೆಂಬುದು ವೈದ್ಯರ ತೀರ್ಮಾನ. ಮನೆಯಲ್ಲಿ ಮಾಡಬಹುದಾದುದು ಬಿಸಿಲಿಗೆ ಕೊಡೆ ಹಿಡಿಯುವುದು, ಮುಖವನ್ನು ಉಜ್ಜದೆ ಸೌಮ್ಯವಾಗಿ ತೊಳೆಯುವುದು, ಏನು ತಿಂದಾಗ, ಎಲ್ಲಿ ನಿಂತಾಗ ಉರಿ ಬಂತೆಂದು ಒಂದು ಪುಸ್ತಕದಲ್ಲಿ ಬರೆದಿಡುವುದು. ಎಲ್ಲರೂ ಮಿರ್ಚಿ ಬಿಡಬೇಕಾಗಿಲ್ಲ. ಒಬ್ಬರನ್ನು ಕೆರಳಿಸುವುದು ಇನ್ನೊಬ್ಬರನ್ನು ಕೆರಳಿಸದಿರಬಹುದು. ‘ಶಾಖದಿಂದ ದೂರವಿರಿ’ ಎಂದು ಬರೆಯುವುದು ನಮಗೇನೋ ಸುಲಭ. ಭಟ್ಟಿಯ ಮುಂದೆ ನಿಂತು ದಿನದ ಕೂಲಿ ಗಳಿಸುವ ತಾಯಿಗೆ ಆ ಉಪದೇಶದಿಂದ ಪ್ರಯೋಜನವೇನು? ಗಾಳಿಯಾಡುವ ಕೊಠಡಿ, ನಡುನಡುವೆ ತಣ್ಣೀರಿಗೂ ವಿರಾಮಕ್ಕೂ ಬಿಡುವು, ಇವನ್ನು ಕೊಡಬೇಕಾದವರು ಭಟ್ಟಿಯ ಯಜಮಾನರು.

ಈಗಾಗಲೇ ಟ್ಯೂಬು ಹಚ್ಚುತ್ತಿರುವವರು ಈ ಲೇಖನವನ್ನು ಓದಿ ನಾಳೆಯೇ ತಾವಾಗಿ ನಿಲ್ಲಿಸಿ ಕೂಡಬಾರದು. ನಿಲ್ಲಿಸಿದ ಮೇಲಿನ ಉರಿ ಕಠಿಣವಾದುದು, ಹೇಗೆ ಬಿಡಬೇಕೆಂಬುದನ್ನು ವೈದ್ಯರೇ ಹೇಳಬೇಕು. ದಾವಣಗೆರೆಯಲ್ಲಿ 1965ರಿಂದ ವೈದ್ಯಕೀಯ ಕಾಲೇಜಿದೆ, ಜಿಲ್ಲಾ ಆಸ್ಪತ್ರೆಯಿದೆ; ಹರಿಹರದವರಿಗೆ ಅದು ಸುಮಾರು 14 ಕಿಲೋಮೀಟರಿನ ಬಸ್ಸಿನ ದಾರಿ. ಹೋಗುವಾಗ ಖಾಲಿಯಾದ ಟ್ಯೂಬನ್ನು ನಾಚಿಕೆಯಿಂದ ಬಿಸುಡದೆ ಜೊತೆಗೆ ಒಯ್ಯಬೇಕು. ಅದರ ಮೇಲಿನ ಸಣ್ಣ ಅಕ್ಷರಗಳನ್ನು ವೈದ್ಯರು ಮೊದಲು ಓದಬೇಕಾಗುತ್ತದೆ.