ದೋಣಿ ತೇಲುವುದು ದಂಡೆಯ ಋಣದಲ್ಲಿ

ನಮ್ಮ ಕಚೇರಿಯ ಮಧ್ಯಾಹ್ನದ ಬುತ್ತಿಯ ಸುತ್ತ ಈಚೆಗೆ ಒಂದು ಹೊಸ ಕನಸು ಸುಳಿದಾಡುತ್ತಿದೆ. ಇಪ್ಪತ್ತು ವರ್ಷದ ಸೇವೆ ಮುಗಿಸಿ ಸ್ವಯಂ ನಿವೃತ್ತಿ ಪಡೆಯುವುದು, ಕೈಗೆ ಬಂದ ಹಣದಲ್ಲಿ ಒಂದು ಹಾಯಿದೋಣಿ ಕೊಳ್ಳುವುದು, ಹೆಂಡತಿ ಮಕ್ಕಳೊಡನೆ ಅದರಲ್ಲೇ ಸಂಸಾರ ಹೂಡುವುದು. ಮೀನು ಕಡಲಲ್ಲಿದೆ, ವಿದ್ಯುತ್ತು ಬಿಸಿಲಿನಲ್ಲಿದೆ, ಕುಡಿಯುವ ನೀರನ್ನು ಯಂತ್ರ ಸೋಸಿಕೊಡುತ್ತದೆ. ಇನ್ನು ಯಾರ ಹಂಗು ಎಂಬುದು ಮಿತ್ರರ ವಾದ. ಎಲ್ಲಿಯದೋ ಒಂದು ಕುಟುಂಬ ದೋಣಿಯ ಅಡುಗೆಮನೆಯಲ್ಲಿ ಕಾಳು ಮೊಳಕೆ ಕಟ್ಟಿ, ಗಾಳಕ್ಕೆ ಸಿಕ್ಕ ಮೀನು ಹುರಿದು, ತಾವು ಭೂಮಿಗೆ ಭಾರವಾಗದೆ ಬದುಕುತ್ತಿದ್ದೇವೆ ಎಂದು ಹೇಳಿಕೊಳ್ಳುವ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ. ಅವು ನಮ್ಮ ಮನೆಯನ್ನೂ ತಲುಪಿವೆ. “ಅಪ್ಪಾ, ನಾವು ಯಾವಾಗ ಹೋಗೋದು?” ಎಂದು ಮಗ ಕೇಳುತ್ತಾನೆ.

ಕನಸು ಕಾಣುವುದರ ಬಗ್ಗೆ ನಮ್ಮ ತಕರಾರಿಲ್ಲ. ತಕರಾರಿರುವುದು ಆ ‘ಯಾರ ಹಂಗು’ ಎಂಬ ಮಾತಿನ ಮೇಲೆ.

ಸಲ್ಲಬೇಕಾದ ಮನ್ನಣೆ ಮೊದಲು ಸಲ್ಲಲಿ. ದೋಣಿಯ ಅಡುಗೆಮನೆ ಲೆಕ್ಕ ಕಲಿಸುತ್ತದೆ. ಅಲ್ಲಿ ಪಾತ್ರೆಯನ್ನು ಕಡಲ ನೀರಿನಲ್ಲಿ ತೊಳೆದು, ಕೊನೆಗೊಮ್ಮೆ ಮಾತ್ರ ಸಿಹಿನೀರಿನಲ್ಲಿ ಜಾಲಿಸುತ್ತಾರೆ. ಅನಿಲ ಉಳಿಸಲು ಪ್ರೆಶರ್ ಕುಕ್ಕರನ್ನೇ ನೆಚ್ಚುತ್ತಾರೆ. ಸೊಪ್ಪು ಮೊದಲ ದಿನಗಳಿಗೆ. ಎಲೆಕೋಸು, ಕುಂಬಳ, ಈರುಳ್ಳಿ, ಆಲೂಗಡ್ಡೆ ಮುಂದಿನ ವಾರಗಳಿಗೆ. ಫ್ರಿಜ್ಜಿನ ಮುಖ ಕಾಣದ, ತೊಳೆಯದ ಮೊಟ್ಟೆಗಳನ್ನು ಎರಡು ಮೂರು ದಿನಕ್ಕೊಮ್ಮೆ ಮಗುಚಿಡುತ್ತ ವಾರಗಟ್ಟಲೆ ಕಾಪಾಡುತ್ತಾರೆ. ರಟ್ಟಿನ ಪೆಟ್ಟಿಗೆಯ ಪದರದಲ್ಲಿ ಜಿರಲೆಯ ಮೊಟ್ಟೆ ಬಂದೀತೆಂದು ಅದನ್ನು ದಡದಲ್ಲೇ ಬಿಡುತ್ತಾರೆ. ನಲ್ಲಿ ತಿರುಗಿಸಿ ಮರೆತುಬಿಡುವ ನಮ್ಮಂಥವರಿಗೆ ಇದರಲ್ಲಿ ಪಾಠವಿದೆ.

ಆದರೆ ಈ ಪಾಠಕ್ಕೆ ಹಾಯಿದೋಣಿಯೇ ಬೇಕೆ? ಕರಾವಳಿಯ ನಮ್ಮ ಅಜ್ಜಿಯರ ಮನೆಗಳು ಮಳೆಗಾಲದ ನಾಲ್ಕು ತಿಂಗಳು ದೋಣಿಗಳೇ ಆಗಿದ್ದವು. ಕಡಲು ಬಾಗಿಲು ಹಾಕಿದ ಮೇಲೆ, ಹೊಳೆ ಉಕ್ಕಿ ಸಂತೆಯ ದಾರಿ ಕಡಿದ ಮೇಲೆ, ಅಟ್ಟದ ಮೇಲೆ ಇದ್ದುದಷ್ಟೇ ಊಟ: ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಮಾವಿನ ಮಿಡಿ, ಹಪ್ಪಳ, ಸಂಡಿಗೆ, ಹುರುಳಿ, ಒಣಮೀನು. ಬೇಸಗೆಯ ಬಿಸಿಲನ್ನು ಆಷಾಢಕ್ಕೆ ಕೂಡಿಡುವ ಈ ಕಲೆಯನ್ನು ಯಾರೂ ‘ಸುಸ್ಥಿರ ಜೀವನ’ ಎಂದು ಕರೆಯಲಿಲ್ಲ. ಬಡತನ ಎಂದರು. ಅದನ್ನು ದಾಟಿ ಬಂದುದಕ್ಕೆ ನಾವೂ ಹೆಮ್ಮೆಪಟ್ಟೆವು.

ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ನಾವು ಓದಿದ ರಾಬಿನ್ಸನ್ ಕ್ರೂಸೋ ಈ ಸಂದರ್ಭದಲ್ಲಿ ನೆನಪಾಗುತ್ತಾನೆ. 1719ರಲ್ಲಿ ಹುಟ್ಟಿದ ಈ ಒಂಟಿಗನನ್ನು ಸ್ವಾವಲಂಬನೆಯ ದೊಡ್ಡ ನಿದರ್ಶನವೆಂದು ಲೋಕ ಕೊಂಡಾಡಿತು. ಆದರೆ ಆತ ದ್ವೀಪದಲ್ಲಿ ಮಾಡಿದ ಮೊದಲ ಕೆಲಸವೆಂದರೆ ಒಡೆದ ಹಡಗಿಗೆ ಮತ್ತೆ ಮತ್ತೆ ಹೋಗಿ ರೊಟ್ಟಿ, ಅಕ್ಕಿ, ಗಿಣ್ಣು, ಒಣಗಿಸಿದ ಮಾಂಸ, ಬಂದೂಕು, ಹತ್ಯಾರಗಳನ್ನು ಹೊತ್ತು ತಂದದ್ದು. ಅವನ ಹೊಲದ ಬಾರ್ಲಿ ಕೂಡ ಹಡಗಿನ ಚೀಲ ಕೊಡವಿದಾಗ ಬಿದ್ದ ಕಾಳಿನಿಂದ ಮೊಳೆತದ್ದು. ಇಂದಿನ ಹಾಯಿದೋಣಿಯ ಸಂಸಾರವೂ ಹಾಗೆಯೇ. ಅದರ ಅಕ್ಕಿ ಯಾರದೋ ಗದ್ದೆಯದು, ಎಣ್ಣೆ ಯಾರದೋ ಗಾಣದ್ದು, ಸೌರಫಲಕ ಯಾವುದೋ ಕಾರ್ಖಾನೆಯದು. ನೌಕಾಪಡೆಯ ಆರು ಮಹಿಳೆಯರು 2017ರ ಸೆಪ್ಟೆಂಬರಿನಿಂದ 2018ರ ಮೇ ತಿಂಗಳವರೆಗೆ ‘ತಾರಿಣಿ’ ಹಾಯಿನೌಕೆಯಲ್ಲಿ 254 ದಿನಗಳಲ್ಲಿ ಭೂಮಿಯನ್ನು ಸುತ್ತಿ ಬಂದರು. ಅಂಥ ಸಾಹಸಿಗಳೂ ಫ್ರೀಮ್ಯಾಂಟಲ್, ಲಿಟಲ್ಟನ್, ಪೋರ್ಟ್ ಸ್ಟ್ಯಾನ್ಲಿ, ಕೇಪ್‌ಟೌನ್‌ಗಳಲ್ಲಿ ನಿಂತು ದುರಸ್ತಿ ಮಾಡಿಕೊಂಡು, ದಾಸ್ತಾನು ತುಂಬಿಸಿಕೊಂಡೇ ಮುಂದೆ ಹೋದರು. ದಡದ ಋಣವನ್ನು ಮರೆಮಾಚುವ ಅಗತ್ಯ ಅವರಿಗಿರಲಿಲ್ಲ. ವಿಡಿಯೊದ ಸಂಸಾರಗಳಿಗೆ ಮಾತ್ರ ಅದು ಚಿತ್ರದ ಚೌಕಟ್ಟಿನೊಳಗೆ ಬರಬಾರದು.

ನಾವು ಬಾಳುತ್ತಿರುವ ಈ ಚೆನ್ನೈಯ ದಡವನ್ನೇ ನೋಡೋಣ. ವಿಡಿಯೊಗಳಲ್ಲಿ ಮೆರೆಯುವ ಎರಡು ಒಡಲಿನ ದೋಣಿಗೆ ‘ಕ್ಯಾಟಮರಾನ್’ ಎಂಬ ಹೆಸರು ಬಂದದ್ದು ಈ ಕೋರಮಂಡಲ ತೀರದ ತಮಿಳಿನಿಂದ. ಕಟ್ಟುಮರಂ ಎಂದರೆ ಕಟ್ಟಿದ ಮರ. ಕನ್ನಡಿಗರಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ. ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ 1697ರ ತನ್ನ ಪ್ರವಾಸಗ್ರಂಥದಲ್ಲಿ ಈ ಪದವನ್ನು ದಾಖಲಿಸಿದ. ಪದ ಜಗತ್ತು ಸುತ್ತಿ ಕೋಟಿಗಟ್ಟಲೆ ಬೆಲೆಯ ವಿಹಾರನೌಕೆಯ ಮೇಲೆ ಕುಳಿತಿತು. ಪದ ಕೊಟ್ಟವರು ನೊಚ್ಚಿಕುಪ್ಪಂ, ಊರೂರುಕುಪ್ಪಂ, ಕಾಸಿಮೇಡುಗಳಲ್ಲಿ ಇಂದಿಗೂ ಬೆಳಗಿನ ಕತ್ತಲಲ್ಲಿ ಅಲೆ ಸೀಳಿ ಹೋಗುತ್ತಾರೆ. 2004ರ ಸುನಾಮಿಯ ಬಳಿಕ ಮರದ ಬದಲು ಹೆಚ್ಚಾಗಿ ಫೈಬರ್ ದೋಣಿಗಳಲ್ಲಿ, ಅಷ್ಟೇ. ಕಡಲಿನಿಂದ ಸಂಸಾರ ಸಾಕುವುದು ಹೇಗೆಂದು ತಿಳಿಯಬೇಕಾದವರು ಕೇಳಬೇಕಾದದ್ದು ಇವರನ್ನು. ನಮ್ಮ ಮಿತ್ರರಲ್ಲಿ ಒಬ್ಬರೂ ಕೇಳಿದ್ದನ್ನು ನಾವು ಕಂಡಿಲ್ಲ.

ಕನ್ನಡಿಗರಲ್ಲೂ ನೀರಿನ ಮೇಲೆ ಸಂಸಾರ ಮಾಡುವವರಿದ್ದಾರೆ. ಮೈಸೂರು ಜಿಲ್ಲೆಯ ಕಡೆಯಿಂದ ಕೇರಳಕ್ಕೆ ಹೋಗಿ, ಕೊಚ್ಚಿಯ ಸುತ್ತಣ ಹಿನ್ನೀರಿನಲ್ಲಿ ಹರಿಗೋಲು ಹಾಕಿ ಮೀನು ಹಿಡಿಯುವ ಕುಟುಂಬಗಳು ಅವು. ಗಂಡ ಹೆಂಡತಿ ಜೊತೆಯಾಗಿ ಬಲೆ ಬಿಡುತ್ತಾರೆ. ಸೇತುವೆಯ ಕೆಳಗೆ, ಪ್ಲಾಸ್ಟಿಕ್ ಹೊದಿಕೆಯಡಿ ಒಲೆ ಹೂಡುತ್ತಾರೆ. ಹಿಡಿದುದರಲ್ಲಿ ಮಾರಿ ಉಳಿದುದನ್ನು ಉಣ್ಣುತ್ತಾರೆ. ಇಂಜಿನ್ ಇಲ್ಲ, ಡೀಸೆಲ್ ಇಲ್ಲ, ಶೀತಲಪೆಟ್ಟಿಗೆ ಇಲ್ಲ. ಭೂಮಿಗೆ ಭಾರವಾಗದ ಬದುಕನ್ನು ತಕ್ಕಡಿಯಲ್ಲಿಟ್ಟು ತೂಗುವುದಾದರೆ ಇವರ ಮುಂದೆ ಯಾವ ಹಾಯಿದೋಣಿ ನಿಂತೀತು? ಆದರೂ ಹೊರನಾಡ ಕನ್ನಡಿಗರೆಂದು ಸಮ್ಮೇಳನ ನಡೆಸುವ ನಾವು ಇವರನ್ನು ಹೊರನಾಡ ಕನ್ನಡಿಗರ ಲೆಕ್ಕಕ್ಕೇ ಸೇರಿಸಿಕೊಂಡಿಲ್ಲ. ಒಂದೇ ಬಗೆಯ ಬದುಕು ಹಣವಿದ್ದವನು ಬದುಕಿದರೆ ಆದರ್ಶ, ಇಲ್ಲದವನು ಬದುಕಿದರೆ ಗತಿಗೇಡು.

ಈಗ ನಮ್ಮದೇ ತಟ್ಟೆಗೆ ಬರೋಣ. ಮೀನು ಮರಿ ಮಾಡುವ ಕಾಲಕ್ಕೆಂದು ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅದೂ 61 ದಿನ. ಕಾಸಿಮೇಡಿನ ಟ್ರಾಲರುಗಳು ಸಾಲಾಗಿ ನಿಂತಿರುತ್ತವೆ; ಅವುಗಳಲ್ಲಿ ದುಡಿಯುವವರು ಪರಿಹಾರದ ಹಣದಲ್ಲಿ ಎರಡು ತಿಂಗಳು ದೂಡುತ್ತಾರೆ. ನಾಳಿನ ಮೀನಿಗಾಗಿ ಇಂದು ಉಪವಾಸ ಬೀಳುವವರು ಅವರು. ನಾವೇನು ಮಾಡುತ್ತೇವೆ? ಮೇ ತಿಂಗಳಲ್ಲಿ ಪಶ್ಚಿಮ ಕರಾವಳಿಯಿಂದ ಮಂಜುಗಡ್ಡೆಯಲ್ಲಿ ಬಂದ ಅಂಜಲನ್ನು ಇಲ್ಲಿ ವಂಜರಂ ಎಂದು ದುಪ್ಪಟ್ಟು ಬೆಲೆಗೆ ಕೊಳ್ಳುತ್ತೇವೆ. ತಮಿಳುನಾಡಿನ ಮತ್ತು ಕರ್ನಾಟಕದ ಕಡಲುಗಳು ಒಟ್ಟಿಗೆ ವಿಶ್ರಮಿಸುವುದು ಜೂನ್ ಮೊದಲ 14 ದಿನ ಮಾತ್ರ. ಉಳಿದಂತೆ ಒಂದು ಕಡಲು ಮಲಗಿದಾಗ ಇನ್ನೊಂದು ನಮಗಾಗಿ ಎದ್ದಿರುತ್ತದೆ. ಕಡಲಿಗೆ ಕೊಟ್ಟ ರಜೆಯನ್ನು ನಾಲಗೆಗೆ ಕೊಡಲು ನಾವು ಒಪ್ಪಿಲ್ಲ. ಕಳೆದ ಮೇ ತಿಂಗಳ ಒಂದು ಭಾನುವಾರ ನಮ್ಮ ಮನೆಯಲ್ಲೂ ಅಂಜಲಿನ ತುಂಡು ಬಾಣಲೆಯಲ್ಲಿತ್ತು. ಆಗ ಮಗ ತೋರಿಸುತ್ತಿದ್ದುದು ಹಾಯಿದೋಣಿಯ ವಿಡಿಯೊ. ಈ ಬರಹದ ಬೈಗುಳ ನಮ್ಮನ್ನು ಬಿಟ್ಟು ಹೊರಟದ್ದಲ್ಲ.

ಇನ್ನೊಂದು ಸಂಗತಿ. 2023ರ ಏಪ್ರಿಲ್‌ನಲ್ಲಿ ಸಂಚಾರಕ್ಕೆ ಅಡ್ಡಿಯೆಂದು ಮರೀನಾದ ಲೂಪ್ ರಸ್ತೆಯ ಮೀನಂಗಡಿಗಳನ್ನು ತೆರವುಗೊಳಿಸಿದಾಗ ಮೀನುಗಾರರು ರಸ್ತೆಯಲ್ಲೇ ಕುಳಿತು ಪ್ರತಿಭಟಿಸಿದರು. ಮುಂದೆ ಅಲ್ಲಿಗೆ ಹೊಸ ಮಾರುಕಟ್ಟೆಯ ಕಟ್ಟಡ ಬಂತು. ಅದರ ಸರಿತಪ್ಪುಗಳನ್ನು ಅಳೆಯುವುದು ಇಲ್ಲಿನ ಉದ್ದೇಶವಲ್ಲ. ಆದರೆ ಆ ದಿನಗಳಲ್ಲಿ ನಮ್ಮ ಬುತ್ತಿಯ ಸುತ್ತ ಕೇಳಿದ ಮಾತು ನೆನಪಿದೆ: “ವಾಸನೆಯಾದರೂ ಕಡಿಮೆಯಾಯಿತು.” ದೋಣಿ ಕೊಂಡು ಕಡಲಲ್ಲೇ ನೆಲೆಸುವ ಕನಸು ಕಾಣುವವರಿಗೆ ಕಡಲಿನವರ ವಾಸನೆ ಸಹಿಸಲಾಗದು!

ದೋಣಿಯ ಬದುಕಿನ ಕೊರತೆಯನ್ನು ಅನುಭವಿಸಲೇಬೇಕೆಂದರೆ ಚೆನ್ನೈ ಬಿಟ್ಟು ಹೋಗಬೇಕಾಗಿಯೂ ಇಲ್ಲ. 2019ರ ಜೂನ್‌ನಲ್ಲಿ ಪೂಂಡಿ, ಚೋಳಾವರಂ, ಪುಳಲ್, ಚೆಂಬರಂಬಾಕ್ಕಂ ನಾಲ್ಕೂ ಜಲಾಶಯಗಳು ಬತ್ತಿ, ಜುಲೈಯಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ಬಂತು. ಅಂದು ನಾವು ಬಿಂದಿಗೆಯಲ್ಲಿ ನೀರು ಅಳೆದೆವು, ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಹಾಕಿದೆವು. 2010ರಲ್ಲಿ ಮಿಂಜೂರಿನಲ್ಲಿ, 2013ರಲ್ಲಿ ನೆಮ್ಮೇಲಿಯಲ್ಲಿ ದಿನಕ್ಕೆ ತಲಾ 10 ಕೋಟಿ ಲೀಟರ್ ಸಾಮರ್ಥ್ಯದ ಘಟಕಗಳು ಕಡಲ ನೀರನ್ನು ಸಿಹಿ ಮಾಡತೊಡಗಿದವು. ಈ ನಗರವೇ ಲಂಗರು ಹಾಕಿದ ಒಂದು ದೋಣಿ. ಮಳೆ ಬಂತು, ಲೆಕ್ಕ ಮರೆತೆವು.

ಕನಸಿಗೂ ತೆರಿಗೆಯೇ ಎಂದು ಮಿತ್ರರು ಕೇಳಿಯಾರು. ಒಂದು ಸಂಸಾರದ ಒಂದು ಗಾಳದಿಂದ ಕಡಲು ಬರಿದಾಗುವುದಿಲ್ಲ, ನಿಜ. ಹಾಯಿ ಬಿಚ್ಚಿ ಹೊರಡುವವರನ್ನು ನಾವು ತಡೆಯುವುದೂ ಇಲ್ಲ. ಆದರೆ ಹೋದ ಕಡೆಯಲ್ಲೆಲ್ಲ ಅವರಿಗೊಂದು ದಡ ಬೇಕು. ಅಲ್ಲಿ ಮೀನು ಉಳಿಸಿದವರು, ತರಕಾರಿ ಬೆಳೆದವರು, ಪರಕೀಯನಿಗೆ ತೂಕ ಕಡಿಮೆ ಮಾಡದೆ ಮಾರುವವರು ಬೇಕು. ಊರು ಬಿಟ್ಟು ಬಂದ ನಮಗೆ ಇದು ತಿಳಿಯದ ಮಾತೇ? ಹದಿನೈದು ವರ್ಷಗಳಿಂದ ನಾವು ಉಣ್ಣುತ್ತಿರುವುದು ಮತ್ತೊಬ್ಬರ ದಡದ ಅನ್ನ. ಆ ದಡವನ್ನು ಜೀವಂತವಾಗಿ ಇಡುವಂತೆ ಉಣ್ಣುವುದೇ ನಮ್ಮಿಂದಾಗುವ ಸುಸ್ಥಿರತೆ.

ಬರುವ ಏಪ್ರಿಲ್ 15ರಿಂದ ನಮ್ಮ ಮನೆಗೆ ಮಂಜುಗಡ್ಡೆಯ ಮೀನು ಬರುವುದಿಲ್ಲವೆಂದು ತೀರ್ಮಾನಿಸಿದ್ದೇವೆ. ಹುರುಳಿ ಸಾರು, ಹೆಸರುಕಾಳು, ಊರಿನ ಒಣಮೀನಿನ ಚಟ್ನಿ ಸಾಕು. ನಿಷೇಧಕ್ಕೆ ಒಳಪಡದ ಸಣ್ಣ ದೋಣಿಗಳು ನೆತ್ತಿಲಿಯನ್ನೋ ಮತ್ತಿಯನ್ನೋ ತಂದ ದಿನ, ಮಗನನ್ನು ಕರೆದುಕೊಂಡು ನೊಚ್ಚಿಕುಪ್ಪಂಗೆ ಹೋಗಿ, ಮಾರುವ ಅಕ್ಕ ಹೇಳಿದ ಬೆಲೆಗೆ ಕೊಂಡು ತರುತ್ತೇವೆ. ಮಿತ್ರರ ಸ್ವಯಂ ನಿವೃತ್ತಿಗೆ ಇನ್ನೂ ಎರಡು ವರ್ಷವಿದೆಯಂತೆ. ಅಷ್ಟರೊಳಗೆ ಒಂದು ಸಲವಾದರೂ ಆ 61 ದಿನಗಳನ್ನು ಅವರು ದಡದ ಮೇಲೆಯೇ ಪೂರೈಸಿ ತೋರಿಸಲಿ. ದೋಣಿಯ ಮಾತು ಆಮೇಲೆ ಆಡೋಣ.